ಮಳೆ ಅಷ್ಟೇ, ದಿನಗಳು ಕಡಿಮೆ

2023ರ ಮುಂಗಾರು ಮುಗಿದಾಗ ಭಾರತೀಯ ಹವಾಮಾನ ಇಲಾಖೆ ಕೊಟ್ಟ ಲೆಕ್ಕ ಹೀಗಿತ್ತು: ದೇಶದಲ್ಲಿ ವಾಡಿಕೆಯ ಶೇ 94ರಷ್ಟು ಮಳೆಯಾಗಿದೆ. ರೂಪಾಯಿಗೆ ಆರು ಪೈಸೆ ಕೊರತೆ. ಇಷ್ಟಕ್ಕೆ ಯಾರೂ ತಲೆಗೆ ಕೈಹೊತ್ತು ಕೂರುವುದಿಲ್ಲ. ಆದರೆ ಅದೇ ಲೆಕ್ಕವನ್ನು ತಿಂಗಳಿಗೊಂದರಂತೆ ಬಿಡಿಸಿದರೆ ಚಿತ್ರ ಬೇರೆ. ಜೂನ್‌ನಲ್ಲಿ ಕೊರತೆ, ಜುಲೈನಲ್ಲಿ ಶೇ 13 ಹೆಚ್ಚು, ಆಗಸ್ಟ್‌ನಲ್ಲಿ ಶೇ 36 ಕಡಿಮೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಶೇ 13 ಹೆಚ್ಚು. 1901ರಿಂದ ಇರುವ ದಾಖಲೆಗಳಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಕರ್ನಾಟಕದಲ್ಲಂತೂ ಆ ತಿಂಗಳ ಕೊರತೆ ದೇಶದ ಕೊರತೆಯನ್ನೂ ಮೀರಿಸಿತ್ತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು.

ಜೂನ್ ಕೊನೆಗೆ ಬಿತ್ತಿದ ಮೆಕ್ಕೆಜೋಳ ಸೂಲಂಗಿಗೆ ಬರುವುದು ಸರಿಯಾಗಿ ಆಗಸ್ಟ್ ಉತ್ತರಾರ್ಧದಲ್ಲಿ. ಆ ಎರಡು ವಾರ ಬೇರಿಗೆ ಹಸಿ ಸಿಗದಿದ್ದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಎಷ್ಟು ಸುರಿದರೂ ಅಷ್ಟೆ, ಹೋದ ಕಾಳು ಹಿಂದಿರುಗುವುದಿಲ್ಲ. ದಾವಣಗೆರೆ ಜಿಲ್ಲೆಯ ಜಗಳೂರಿನ ಕೆಂಪು ಮಸಾರಿ ಹೊಲದವನಿಗೆ ಶೇ 94 ಎಂಬುದು ಯಾವ ಊರಿನ ಲೆಕ್ಕವೋ. ಅತ್ತ ನೀರಾವರಿ ಇದ್ದವರೂ ನೆಮ್ಮದಿಯಾಗಿರಲಿಲ್ಲ. ಭದ್ರಾ ಜಲಾಶಯ ತುಂಬಲಿಲ್ಲ. ಸೆಪ್ಟೆಂಬರ್‌ನಲ್ಲಿ ನಾಲೆ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದರು. ಮುಂದಿನ ಬೇಸಿಗೆಯಲ್ಲಿ ಚನ್ನಗಿರಿಯ ಅಡಿಕೆ ತೋಟಗಳಿಗೆ ಟ್ಯಾಂಕರ್‌ಗಳು ಸಾಲುಗಟ್ಟಿದವು.

ಈ ಲೇಖನ ಆ ಒಂದು ವರ್ಷದ ಕಥೆಯಲ್ಲ. ಒಂದು ವರ್ಷವನ್ನು ಹಿಡಿದು ಹವಾಮಾನ ಬದಲಾಗಿದೆ ಎನ್ನುವುದು ವಿಜ್ಞಾನವೂ ಅಲ್ಲ. 2023ರಲ್ಲಿ ಪೆಸಿಫಿಕ್ ಸಾಗರದ ಎಲ್ ನಿನೊ ಕೈವಾಡವಿತ್ತು, ಅದು ಹಿಂದೆಯೂ ಇತ್ತು, ಮುಂದೆಯೂ ಇರುತ್ತದೆ. ನಾನು ತೋರಿಸಬೇಕೆಂದಿರುವುದು ಇಷ್ಟು: ಭೂಮಿ ಬಿಸಿಯಾದಂತೆ ವರ್ಷದ ಒಟ್ಟು ಮಳೆ ಹೆಚ್ಚು ಬದಲಾಗದೆಯೂ ಅದು ಬೀಳುವ ರೀತಿ ಬದಲಾಗುತ್ತದೆ. ನಾವು ನೋಡುವುದು ಒಟ್ಟನ್ನು, ಪೆಟ್ಟು ಬೀಳುವುದು ರೀತಿಯಿಂದ.

ಇದನ್ನು ನೋಡಲು ಕತ್ತಲಗೆರೆಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. ಚನ್ನಗಿರಿ ತಾಲ್ಲೂಕಿನ ಈ ಊರು ಭದ್ರಾ ಅಚ್ಚುಕಟ್ಟಿನಲ್ಲಿದೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇಲ್ಲಿದೆ. ಪಶ್ಚಿಮಕ್ಕೆ ಹೋದರೆ ಹೊನ್ನಾಳಿ, ನ್ಯಾಮತಿ, ಅದರಾಚೆ ಮಲೆನಾಡು. ಈಶಾನ್ಯಕ್ಕೆ ಹೋದರೆ ಜಗಳೂರು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯುವ ಮಳೆ, ಹಕ್ಕಿ ಹಾರುವ ದಾರಿಯಲ್ಲಿ 180 ಕಿಲೋಮೀಟರ್ ಒಳಗಿರುವ ಜಗಳೂರಿಗೆ ಬರುವಷ್ಟರಲ್ಲಿ ಐನೂರರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಕಡಿದಾದ ಇಳಿಜಾರಿನ ನಡುವೆ ಕೂತ ಊರಿಗೆ ಎರಡೂ ಕಡೆಯ ಸುದ್ದಿ ಮುಟ್ಟುತ್ತದೆ. ದಾವಣಗೆರೆ, ಕತ್ತಲಗೆರೆ, ಸೂಳೆಕೆರೆ: ಹೆಸರುಗಳಲ್ಲೇ ಕೆರೆ ಇದೆ. ಇಲ್ಲಿಯ ಮಳೆ ಕೆಲವೇ ದಿನ ಬಂದು ಹೋಗುವಂಥದ್ದು, ಬಂದಾಗ ಹಿಡಿದಿಡಬೇಕು ಎಂಬುದು ಹೆಸರಿಟ್ಟವರಿಗೆ ಗೊತ್ತಿತ್ತು.

ಈಗ ಭೌತಶಾಸ್ತ್ರಕ್ಕೆ ಬರೋಣ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಾದ ಈ ನಿಯಮಕ್ಕೆ ಕ್ಲಾಸಿಯಸ್–ಕ್ಲಾಪೆರಾನ್ ಸಂಬಂಧ ಎಂದು ಹೆಸರು. ಕೆರೆಯ ಕೋಡಿಯನ್ನು ಎರಡು ಅಡಿ ಎತ್ತರಿಸಿದರೆ ಏನಾಗುತ್ತದೋ ಯೋಚಿಸಿ. ಕೋಡಿ ಬೀಳಲು ಮೊದಲಿಗಿಂತ ಹೆಚ್ಚು ದಿನ ಬೇಕು. ಆದರೆ ಏರಿ ಒಡೆದರೆ ಹರಿದುಬರುವ ನೀರೂ ಮೊದಲಿಗಿಂತ ಹೆಚ್ಚು. ಬಿಸಿ ವಾತಾವರಣ ಕೋಡಿ ಎತ್ತರಿಸಿದ ಕೆರೆ. ಜೊತೆಗೆ, ಆವಿ ಹನಿಯಾಗುವಾಗ ತನ್ನಲ್ಲಿ ಅಡಗಿದ್ದ ಶಾಖವನ್ನು ಬಿಡುತ್ತದೆ. ಗುಪ್ತೋಷ್ಣ ಎನ್ನುವುದು ಇದನ್ನೇ. ಆ ಶಾಖ ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ, ಮೇಲೇರುವ ಮೋಡ ಸುತ್ತಲ ತೇವವನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಹೀಗಾಗಿ ಗಂಟೆ ಎರಡು ಗಂಟೆಯ ಬಿರುಮಳೆಗಳಲ್ಲಿ ಏರಿಕೆ ಕೆಲವೊಮ್ಮೆ ಶೇ 7ನ್ನೂ ದಾಟುತ್ತದೆ.

ಇಲ್ಲಿಯವರೆಗಿನದು ಪತ್ರಿಕೆ ಓದುವವರಿಗೆ ಹೊಸದಲ್ಲ. ಅಷ್ಟಾಗಿ ಯಾರೂ ಹೇಳದ ಅರ್ಧ ಭಾಗ ಮುಂದಿದೆ. ಹನಿಗಟ್ಟುವಾಗ ಬಿಡುಗಡೆಯಾದ ಶಾಖವನ್ನೆಲ್ಲ ವಾತಾವರಣ ಕೊನೆಗೆ ಆಕಾಶಕ್ಕೆ ಹೊರಹಾಕಲೇಬೇಕು. ಹೊರಹಾಕುವ ವೇಗಕ್ಕೆ ಮಿತಿಯಿದೆ. ಆದ್ದರಿಂದ ಇಡೀ ಭೂಮಿಯ ಒಟ್ಟು ಮಳೆ ಡಿಗ್ರಿಗೆ ಶೇ 1ರಿಂದ 3ರಷ್ಟು ಮಾತ್ರ ಹೆಚ್ಚಬಲ್ಲದು. ಈಗ ಎರಡು ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಿ. ಜೋರು ಮಳೆ ಡಿಗ್ರಿಗೆ ಶೇ 7 ಬಲಿಯುತ್ತದೆ, ಒಟ್ಟು ಮಳೆ ಹೆಚ್ಚೆಂದರೆ ಶೇ 3. ಮಿಕ್ಕ ಶೇ 4 ಎಲ್ಲಿಂದ ಬರಬೇಕು? ಸೋನೆ ಮಳೆಯಿಂದ, ಹದ ಮಳೆಯಿಂದ, ಮಳೆ ಬೀಳುತ್ತಿದ್ದ ದಿನಗಳ ಸಂಖ್ಯೆಯಿಂದ. ಬಿರುಮಳೆ ಹೆಚ್ಚುವುದು, ನಡುವಿನ ಒಣ ದಿನಗಳು ಹೆಚ್ಚುವುದು ಇವೆರಡೂ ಬೇರೆ ಬೇರೆ ದುರದೃಷ್ಟಗಳಲ್ಲ. ಒಂದೇ ಲೆಕ್ಕದ ಎರಡು ಬದಿ. ಇದು ಇಡೀ ಭೂಮಿಯ ಸರಾಸರಿ ಲೆಕ್ಕ. ಒಂದೊಂದು ಸೀಮೆಯಲ್ಲಿ ಗಾಳಿಯ ದಾರಿ ಬದಲಾಗಿ ಏರುಪೇರಾಗಬಹುದು. ಹಾಗಾಗಿ ತರ್ಕವನ್ನಷ್ಟೇ ನಂಬದೆ ಮಳೆಮಾಪಕಗಳನ್ನು ಕೇಳಬೇಕು.

ಮಳೆಮಾಪಕಗಳ ಉತ್ತರ ಸಿಕ್ಕಿ ಬಹಳ ವರ್ಷಗಳಾದವು. 2006ರಲ್ಲಿ ಬಿ.ಎನ್. ಗೋಸ್ವಾಮಿ ಮತ್ತು ಸಹೋದ್ಯೋಗಿಗಳು ಮಧ್ಯ ಭಾರತದ 1951ರಿಂದ 2000ದವರೆಗಿನ ದಿನವಹಿ ದಾಖಲೆಗಳನ್ನು ಜಾಲಾಡಿದರು. ಮುಂಗಾರಿನ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆದರೆ ದಿನಕ್ಕೆ 100 ಮಿಲಿಮೀಟರ್ ಮೀರಿದ ಮಳೆಗಳು ಹೆಚ್ಚಿದ್ದವು, ಮಧ್ಯಮ ಮಳೆಗಳು ಕಡಿಮೆಯಾಗಿದ್ದವು. ಒಂದು ಇನ್ನೊಂದನ್ನು ಸರಿದೂಗಿಸಿ ಸರಾಸರಿಯನ್ನು ಅಲ್ಲಾಡದಂತೆ ನಿಲ್ಲಿಸಿತ್ತು. 2017ರಲ್ಲಿ ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2015ರವರೆಗಿನ ಅಂಕಿಗಳನ್ನು ಸೇರಿಸಿ ನೋಡಿದಾಗ, ವಿಸ್ತಾರ ಪ್ರದೇಶಕ್ಕೆ ಒಮ್ಮೆಗೇ ಎರಗುವ ಅತಿವೃಷ್ಟಿಗಳು 1950ರ ಹೊತ್ತಿಗಿಂತ ಮೂರು ಪಟ್ಟಾಗಿದ್ದವು. ಅದಕ್ಕೆ ತೇವ ಒದಗಿಸುತ್ತಿದ್ದುದು ಬಿಸಿಯೇರುತ್ತಿರುವ ಅರಬ್ಬಿ ಸಮುದ್ರ. ಹೊನ್ನಾಳಿಗೂ ಜಗಳೂರಿಗೂ ಮುಂಗಾರಿನ ತೇವ ಬರುವುದು ಅದೇ ಸಮುದ್ರದಿಂದ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಸಮೀಕ್ಷೆ ಇನ್ನೆರಡು ಅಂಕಿ ಕೊಡುತ್ತದೆ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಶೇ 6ರಷ್ಟು ಕುಗ್ಗಿದೆ, ಎದ್ದು ಕಾಣುವಂತೆ ಕುಗ್ಗಿದ ಕಡೆಗಳಲ್ಲಿ ಪಶ್ಚಿಮಘಟ್ಟವೂ ಒಂದು. ಮುಂಗಾರಿನ ನಡುವೆ ಮಳೆ ಕೈಕೊಡುವ ಅವಧಿಗಳು 1951–80ಕ್ಕೆ ಹೋಲಿಸಿದರೆ 1981–2011ರಲ್ಲಿ ಶೇ 27ರಷ್ಟು ಹೆಚ್ಚು ಬಾರಿ ಕಂಡಿವೆ.

1901ರಿಂದ 2018ರ ನಡುವೆ ಭಾರತದ ನೆಲ ಬಿಸಿಯಾಗಿದ್ದು ಸುಮಾರು 0.7 ಡಿಗ್ರಿ ಮಾತ್ರ. ಇದು ಇಡೀ ಭೂಮಿಯ ಸರಾಸರಿಗಿಂತ ಕಡಿಮೆ. ನಮ್ಮ ಆಕಾಶದ ಹೊಗೆ, ದೂಳು, ಸೂಕ್ಷ್ಮ ಕಣಗಳು ಬಿಸಿಲನ್ನು ಒಂದಿಷ್ಟು ತಡೆದಿರುವುದು ಇದಕ್ಕೊಂದು ಕಾರಣ. ಶ್ವಾಸಕೋಶದ ಸಲುವಾಗಿ ಆ ಹೊಗೆಯನ್ನು ಕಡಿಮೆ ಮಾಡಲೇಬೇಕು. ಮಾಡಿದ ದಿನ ಮರೆಯಾಗಿದ್ದ ಬಿಸಿ ಹೊರಬರುತ್ತದೆ.

ಇನ್ನು ಹೊಲಕ್ಕೆ ಇಳಿಯೋಣ. ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಎಂದರೆ ಸುಮಾರು ನಾಲ್ಕು ಲಕ್ಷ ಲೀಟರ್ ನೀರು. ಹತ್ತು ದಿನಕ್ಕೆ ಹಂಚಿ ಬಿದ್ದರೆ ಮಸಾರಿ ಮಣ್ಣು ಬಹುಪಾಲನ್ನು ಕುಡಿಯುತ್ತದೆ. ಮೂರು ಗಂಟೆಯಲ್ಲಿ ಬಿದ್ದರೆ ಮೊದಲ ಹನಿಗಳ ಹೊಡೆತಕ್ಕೇ ಮಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಉಳಿದದ್ದು ಗೊಬ್ಬರವನ್ನೂ ಮಣ್ಣನ್ನೂ ಹೊತ್ತು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಹೂಳು ತುಂಬಿದ ಕೆರೆ ಮುಂದಿನ ಬಿರುಮಳೆಯನ್ನು ಹಿಡಿಯಲಾರದು. ಮಳೆಮಾಪಕದಲ್ಲಿ ಎರಡು ಸಂದರ್ಭಕ್ಕೂ ಒಂದೇ ನೂರು.

ಅಡಿಕೆಯ ಲೆಕ್ಕ ಇನ್ನೂ ಬಿಗಿ. ಎಕರೆಗೆ 550ರ ಆಸುಪಾಸು ಮರ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ಅಂದರೆ ದಿನಕ್ಕೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಮೇಲೆ ಹೇಳಿದ ನೂರು ಮಿಲಿಮೀಟರ್ ಮಳೆಯನ್ನು ಒಂದು ಹನಿ ಬಿಡದೆ ಹಿಡಿದಿಟ್ಟರೂ ನಲವತ್ತು ದಿನದ ಸುಮಾರಿಗೆ ಖಾಲಿ. ಮಿಕ್ಕದ್ದನ್ನು ನಾಲೆ ಕೊಡಬೇಕು, ಇಲ್ಲ ಬೋರು ಕೊಡಬೇಕು, ಇಲ್ಲ ಟ್ಯಾಂಕರ್ ತರಬೇಕು. ಒಣ ಅವಧಿ ಮುಗಿದು ಒಮ್ಮೆಲೇ ಜೋರು ಮಳೆ ಬಂದರೆ ಬದುಕಿದೆವು ಎನ್ನುವಂತಿಲ್ಲ. ಬಾಯಾರಿದ ಮರಕ್ಕೆ ದಿಢೀರನೆ ನೀರು ಸಿಕ್ಕರೆ ಕಾಯಿ ಸೀಳುತ್ತದೆ. ಮಳೆ ಹಿಡಿದು ಕೂತರೆ ಕೊಳೆ ರೋಗ. ಚನ್ನಗಿರಿ ಸೀಮೆಯಲ್ಲಿ ಭತ್ತದ ಗದ್ದೆ, ಜೋಳದ ಹೊಲ ಅಡಿಕೆಗೆ ದಾರಿ ಬಿಟ್ಟಿರುವುದು ಬೆಲೆಯ ದೃಷ್ಟಿಯಿಂದ ಅರ್ಥವಾಗುವ ನಡೆ. ಹವಾಮಾನದ ದೃಷ್ಟಿಯಿಂದ ನೋಡಿದರೆ, ಮಳೆ ಹಂಚಿಕೆ ಕೆಡುತ್ತಿರುವ ಕಾಲದಲ್ಲಿ ಹಂಚಿಕೆಯನ್ನೇ ನಂಬಿದ ಬೆಳೆಯನ್ನು ಹಿಡಿದಂತಾಗಿದೆ.

ಹೊನ್ನಾಳಿಯ ಕಷ್ಟ ಇದಕ್ಕೆ ತಲೆಕೆಳಗು. ಭದ್ರೆಗೆ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಅಡಿ ಹಿಡಿಯುವ ಜಲಾಶಯವಿದೆ. ತುಂಗೆಗೆ ಗಾಜನೂರಿನಲ್ಲಿ ಇರುವುದು 3.24 ಟಿಎಂಸಿ ಅಡಿಯದು. ಶೃಂಗೇರಿ, ತೀರ್ಥಹಳ್ಳಿ ಕಡೆ ಮೂರು ದಿನ ಜಡಿದರೆ ಅದು ತುಂಬಿ, ಬಂದ ನೀರನ್ನೆಲ್ಲ ಹಾಗೆಯೇ ಬಿಡಬೇಕಾಗುತ್ತದೆ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿದ ಮೇಲೆ ಸಿಗುವ ಮೊದಲ ದೊಡ್ಡ ಊರು ಹೊನ್ನಾಳಿ. 2019ರ ಆಗಸ್ಟ್‌ನಲ್ಲಿ ಇಲ್ಲಿಯ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ಆ ವರ್ಷದ ಜೂನ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಶೇ 33 ಕಡಿಮೆ ಇತ್ತು ಎಂಬುದನ್ನು ನೆನಪಿಡಿ. ವರ್ಷಾಂತ್ಯದ ಲೆಕ್ಕದಲ್ಲಿ ಅದು ‘ಒಳ್ಳೆಯ ಮಳೆ ವರ್ಷ’.

ಈ ತುಂಗೆಯ ಹರಿವಿನ ಮೇಲೆಯೇ ಈಗ ಬಯಲುಸೀಮೆಯ ಆಸೆಯೂ ನಿಂತಿದೆ. ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಗಭದ್ರೆಯ ನೀರಿನಿಂದ ತುಂಬಿಸುವ ಯೋಜನೆ ಇದೆ. ಭದ್ರಾ ಮೇಲ್ದಂಡೆ ಯೋಜನೆ ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ಅಡಿ ಎತ್ತಿ, ಭದ್ರೆಯಿಂದ 29.9 ಟಿಎಂಸಿ ಅಡಿಯನ್ನು ಚಿತ್ರದುರ್ಗ, ತುಮಕೂರು, ಜಗಳೂರಿನ ಕಡೆಗೆ ಒಯ್ಯಬೇಕೆನ್ನುತ್ತದೆ. ಎರಡೂ ಬೇಕಾದವೇ, ವಿರೋಧಿಸುವ ಉದ್ದೇಶ ನನಗಿಲ್ಲ. ಆದರೆ ಪಂಪಿಗೆ ಪ್ರವಾಹದ ಎತ್ತರ ಮುಖ್ಯವಲ್ಲ, ಹರಿವು ಇರುವ ದಿನಗಳ ಸಂಖ್ಯೆ ಮುಖ್ಯ. ದಿನಕ್ಕೆ ಇಷ್ಟೇ ಎತ್ತುತ್ತೇನೆ ಎನ್ನುವ ಯಂತ್ರಕ್ಕೆ ನದಿ ಅರವತ್ತು ದಿನ ಹದವಾಗಿ ಹರಿದರೆ ಅರವತ್ತು ದಿನದ ಕೆಲಸ. ಅದೇ ನೀರು ಹದಿನೈದು ದಿನದಲ್ಲಿ ಉಕ್ಕಿ ಹೊನ್ನಾಳಿಯನ್ನು ತೋಯಿಸಿ ಹೊಸಪೇಟೆಯತ್ತ ಹೋದರೆ ಯಂತ್ರಕ್ಕೆ ಸಿಗುವುದು ಹದಿನೈದು ದಿನ. ಹೊನ್ನಾಳಿಯ ನೆರೆ ಹೆಚ್ಚುವುದಕ್ಕೂ ಜಗಳೂರಿನ ಕೆರೆ ಅರ್ಧಕ್ಕೇ ನಿಲ್ಲುವುದಕ್ಕೂ ಕಾರಣ ಒಂದೇ ಆಗಬಹುದು.

ಹಾಗಾದರೆ ಇಂಥದ್ದೊಂದು ಮಳೆ ಹವಾಮಾನ ಬದಲಾವಣೆಯಿಂದಲೇ ಬಂತು ಎಂದು ಹೇಳಬಹುದೇ? ಇಪ್ಪತ್ತೈದು ವರ್ಷಗಳ ಹಿಂದೆ ವಿಜ್ಞಾನಿಗಳು ಈ ಪ್ರಶ್ನೆಯಿಂದ ಜಾರಿಕೊಳ್ಳುತ್ತಿದ್ದರು. ಈಗ ಅದಕ್ಕೊಂದು ವಿಧಾನವಿದೆ. ಅಟ್ರಿಬ್ಯೂಷನ್, ಎಂದರೆ ಘಟನೆಯೊಂದರಲ್ಲಿ ಮನುಷ್ಯನ ಪಾಲೆಷ್ಟು ಎಂದು ಅಳೆಯುವುದು. ಕಂಪ್ಯೂಟರ್ ಮಾದರಿಯಲ್ಲಿ ಎರಡು ಭೂಮಿ ಕಟ್ಟುತ್ತಾರೆ: ಒಂದು ಇಂದಿನದು, ಇನ್ನೊಂದು ಕಲ್ಲಿದ್ದಲು, ತೈಲ ಸುಡದೆ ಇದ್ದಿದ್ದರೆ ಇರುತ್ತಿದ್ದದ್ದು. ಎರಡರಲ್ಲೂ ಸಾವಿರಾರು ಮಳೆಗಾಲ ಓಡಿಸಿ, ಅಂಥದೇ ಮಳೆ ಎಷ್ಟು ಸಲ ಬಂತು, ಎಷ್ಟು ಜೋರಾಗಿ ಬಂತು ಎಂದು ಎಣಿಸುತ್ತಾರೆ. ಉತ್ತರ ‘ಹೌದು’ ಅಥವಾ ‘ಅಲ್ಲ’ ಎಂದು ಬರುವುದಿಲ್ಲ. ‘ಇಷ್ಟು ಪಟ್ಟು’, ‘ಇಷ್ಟು ಪಾಲು’ ಎಂದು ಬರುತ್ತದೆ. 2003ರ ಯುರೋಪಿನ ಬಿಸಿಗಾಳಿಯ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನ ಈ ದಾರಿ ತೆರೆಯಿತು. 2022ರ ಮಾರ್ಚ್–ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳನ್ನು ಬೇಯಿಸಿದ ಬಿಸಿಗಾಳಿಯ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚಿತ್ತೆಂದು ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ತಂಡ ಲೆಕ್ಕಹಾಕಿತು. 2024ರ ಜುಲೈ 30ರಂದು ವಯನಾಡಿನ ಗುಡ್ಡ ಜಾರಿಸಿದ ಮಳೆಯನ್ನು ಅದೇ ತಂಡ ಪರೀಕ್ಷಿಸಿದಾಗ, ಆ ಒಂದು ದಿನದ ಮಳೆ ಸುಮಾರು ಶೇ 10 ಹೆಚ್ಚು ತೀವ್ರವಾಗಿತ್ತು ಎಂಬ ಉತ್ತರ ಬಂತು.

ಈ ವಿಧಾನದ ಮೇಲೆ ನನಗೆ ವಿಶ್ವಾಸ ಮೂಡಿಸಿದ್ದು ಇವುಗಳಿಗಿಂತ ಹೆಚ್ಚಾಗಿ 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದ ಅಧ್ಯಯನ. ಎಲ್ಲರೂ ‘ಹೌದು’ ಎಂಬ ಉತ್ತರಕ್ಕೆ ಕಾದಿದ್ದಾಗ, ಆ ಮಳೆಯಲ್ಲಿ ತಾಪಮಾನ ಏರಿಕೆಯ ಗುರುತು ಕಾಣುತ್ತಿಲ್ಲ ಎಂದು ಸಂಶೋಧಕರು ಬರೆದರು. ಬಂಗಾಳ ಕೊಲ್ಲಿಯ ಪಶ್ಚಿಮ ಭಾಗ ಅಷ್ಟಾಗಿ ಬಿಸಿಯಾಗಿರಲಿಲ್ಲ. ಇಲ್ಲ ಎನ್ನಬಲ್ಲ ಮಾಪನ ಹೌದು ಎಂದಾಗ ಕಿವಿಗೊಡಬೇಕು. ವಯನಾಡಿನ ಶೇ 10ನ್ನು ಎತ್ತಿಕೊಂಡು ಹೋಗಿ ತುಂಗೆಗೆ ಅಂಟಿಸುವುದೂ ಸರಿಯಲ್ಲ, ಆ ಲೆಕ್ಕ ತುಂಗಾ ಕಣಿವೆಗೆಂದೇ ಆಗಬೇಕು. ನೆರೆಗೂ ಬರಕ್ಕೂ ಬಿಸಿಯೊಂದೇ ಹೊಣೆಯಲ್ಲ ಎಂಬುದೂ ನಿಜ. ಒತ್ತುವರಿಯಾದ ಹಳ್ಳ, ಹೂಳು ತುಂಬಿದ ಕೆರೆ, ಸಾವಿರ ಅಡಿಗಿಳಿದ ಬೋರು ಇವು ಯಾವುವೂ ಅರಬ್ಬಿ ಸಮುದ್ರದಿಂದ ಬಂದವಲ್ಲ. ಆದರೆ ನಾವು ತೆಳ್ಳಗೆ ಮಾಡಿಕೊಂಡ ಏರಿಯ ಮೇಲೆಯೇ ಬಲಿತ ಮಳೆ ಬೀಳುವುದು.

ನಮ್ಮ ಏರ್ಪಾಡುಗಳೆಲ್ಲ ಹಿಂದಿನ ದಾಖಲೆಯ ಮೇಲೆ ನಿಂತಿವೆ. ರಸ್ತೆಯ ಮೋರಿಗೆ ಎಷ್ಟು ಅಗಲದ ಕೊಳವೆ ಹಾಕಬೇಕು, ಜಲಾಶಯವನ್ನು ಜುಲೈನಲ್ಲಿ ಎಷ್ಟು ತುಂಬಿಸಿಡಬೇಕು, ಬೇಸಿಗೆ ಭತ್ತಕ್ಕೆ ನೀರು ಬಿಡಬಹುದೇ, ಎಲ್ಲಕ್ಕೂ ಉತ್ತರ ಹುಡುಕುವುದು ಕಳೆದ ದಶಕಗಳ ಪುಸ್ತಕದಲ್ಲಿ. ಒಂದು ವಿಷಯದಲ್ಲಿ ಕರ್ನಾಟಕ ಮುಂದಿದೆ ಎನ್ನಬೇಕು: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅಡಿಕೆಯ ಹವಾಮಾನ ಆಧಾರಿತ ವಿಮೆ ಈ ಅಂಕಿಗಳನ್ನೇ ನೆಚ್ಚಿಕೊಂಡಿದೆ. ಬರ ನಿರ್ವಹಣೆಯ ಕೇಂದ್ರ ಕೈಪಿಡಿ ಕೂಡ ಒಟ್ಟು ಕೊರತೆಯ ಜೊತೆಗೆ ಸತತ ವಾರಗಳ ಒಣ ಅವಧಿಯನ್ನು ಎಣಿಸುತ್ತದೆ. ಅಳೆಯಲು ಬೇಕಾದ ಸಾಧನ ಕೈಯಲ್ಲಿದೆ. ಹೀಗಿದ್ದೂ ಬಿತ್ತನೆಗೆ ಮುಂಚೆ ರೈತರಿಗೆ ಮುಟ್ಟುವ ಸುದ್ದಿ ‘ಈ ವರ್ಷ ವಾಡಿಕೆಯ ಶೇಕಡಾ ಇಷ್ಟು’ ಎಂಬ ಒಂದೇ ಸಾಲು. ಕತ್ತಲಗೆರೆಯ ಅಚ್ಚುಕಟ್ಟಿನವನಿಗೂ ಜಗಳೂರಿನ ಖುಷ್ಕಿಯವನಿಗೂ ಬೇಕಾಗಿರುವುದು ಬೇರೆ ಅಂಕಿ: ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಎರಡೂವರೆ ಮಿಲಿಮೀಟರ್ ದಾಟಿ ಮಳೆ ಬಿದ್ದ ದಿನಗಳೆಷ್ಟು, ನಡುವಿನ ಅತಿ ಉದ್ದದ ಬಿಡುವು ಎಷ್ಟು ದಿನದ್ದು, ವರ್ಷದ ಮಳೆಯಲ್ಲಿ ಅತಿ ಜೋರಾದ ಮೂರು ದಿನಗಳ ಪಾಲೆಷ್ಟು. ಇಪ್ಪತ್ತು ವರ್ಷದ ಈ ಮೂರು ಸಾಲು ಪ್ರತಿ ಹೋಬಳಿಗೂ ಪಂಚಾಯಿತಿ ಗೋಡೆಯ ಮೇಲೆ ಬಂದರೆ ಬೆಳೆ ಆರಿಸುವವನ ಕೈಗೆ ಏನಾದರೂ ಸಿಕ್ಕಂತಾಗುತ್ತದೆ.

ಜಾಗತಿಕ ಚಿತ್ರ ಎತ್ತ ಹೋಗುತ್ತಿದೆ ಎಂಬುದರಲ್ಲಿ ಗೊಂದಲವಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕೈಗಾರಿಕಾ ಯುಗಕ್ಕೆ ಮುಂಚೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದ ಒಂದು ದಿನದ ಜೋರು ಮಳೆ, ಭೂಮಿ ಒಂದು ಡಿಗ್ರಿ ಬಿಸಿಯಾದಾಗ ಅದೇ ಅವಧಿಯಲ್ಲಿ 1.3 ಸಲ ಬರುತ್ತದೆ. ಒಂದೂವರೆ ಡಿಗ್ರಿಗೆ 1.5 ಸಲ, ಎರಡು ಡಿಗ್ರಿಗೆ 1.7, ನಾಲ್ಕು ಡಿಗ್ರಿಗೆ 2.7. 2024 ಒಂದು ವರ್ಷದ ಮಟ್ಟಿಗೆ 1.55 ಡಿಗ್ರಿ ತಲುಪಿಯಾಗಿದೆ. ಗಾಳಿಯಲ್ಲಿ ಒಮ್ಮೆ ಸೇರಿದ ಇಂಗಾಲದ ಡೈಆಕ್ಸೈಡ್ ಬಹುಕಾಲ ಅಲ್ಲೇ ಉಳಿಯುವುದರಿಂದ, ಅದನ್ನು ಹೊರಬಿಡುವುದು ಇಂದೇ ನಿಂತರೂ ಬಿಸಿ ಹಿಂದಕ್ಕೆ ಓಡುವುದಿಲ್ಲ. ಏರುವುದು ಮಾತ್ರ ನಿಲ್ಲಬಹುದು.

ಕತ್ತಲಗೆರೆಯ ಸುತ್ತ ಈ ವರ್ಷ ನೆಟ್ಟ ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಆಮೇಲೆ ದಶಕಗಳ ಕಾಲ ನಿಲ್ಲುತ್ತದೆ. ಅದರ ಆಯಸ್ಸು ನಲವತ್ತು ವರ್ಷ ಎಂದಿಟ್ಟುಕೊಳ್ಳಿ. ನೂರು ವರ್ಷಕ್ಕೊಮ್ಮೆ ಬರುವಂಥ ವಿಪತ್ತು ಎಂದರೆ ಯಾವ ವರ್ಷವಾದರೂ ಬರುವ ಸಾಧ್ಯತೆ ಶೇ 1. ನಲವತ್ತು ವರ್ಷದಲ್ಲಿ ಒಮ್ಮೆಯಾದರೂ ಅದನ್ನು ಎದುರಿಸುವ ಸಾಧ್ಯತೆ ಶೇ 33. ಅದೇ ವಿಪತ್ತು ಐವತ್ತು ವರ್ಷಕ್ಕೊಮ್ಮೆ ಬರತೊಡಗಿದರೆ ಸಾಧ್ಯತೆ ಶೇ 55. ತೋಟ ಉಳಿಯಬಹುದು ಎಂಬುದರಿಂದ ತೋಟ ಹೋಗಬಹುದು ಎಂಬುದರ ಕಡೆಗೆ ತಕ್ಕಡಿ ವಾಲಲು ಇಷ್ಟು ಸಾಕು. ಭದ್ರೆಗೆ ನೀರುಣಿಸುವ ಮಲೆನಾಡಿನಲ್ಲಿ ಮಳೆ ಎಷ್ಟು ದಿನಕ್ಕೆ ಹಂಚಿ ಬೀಳುತ್ತದೆ ಎಂಬುದರ ಮೇಲೆ ಆ ಸಸಿಗೆ ನಾಲೆ ನೀರು. ಸಾಲ ಕೊಟ್ಟ ಬ್ಯಾಂಕಿನ ಅರ್ಜಿಯಲ್ಲಿ ಪಹಣಿಗೆ ಒಂದು ಕಾಲಂ ಇದೆ, ಕೊಳವೆಬಾವಿಗೆ ಒಂದು ಕಾಲಂ ಇದೆ, ಇದಕ್ಕೆ ಇಲ್ಲ.